ಕನ್ನಡ ಕೀಲಿಮಣೆ ಆನ್ ಇದ್ದಾಗ ಬ್ರೌಸರ್‌ನ ಕೆಲವು ಶಾರ್ಟ್‌ಕಟ್‌ಗಳು ಮಾತ್ರ ಕೈಕೊಡುತ್ತಿವೆ

ಗದಗದ ಸದಸ್ಯ:
ನಮಸ್ಕಾರ. ಆನ್‌ಲೈನ್ ಅರ್ಜಿ ತುಂಬಿಕೊಡುವ ನನ್ನ ಅಂಗಡಿಯಲ್ಲಿ ವಿಂಡೋಸ್ ಇರುವ ಎರಡು ಕಂಪ್ಯೂಟರ್‌ಗಳಿವೆ. ಒಂದರಲ್ಲಿ ಫೈರ್‌ಫಾಕ್ಸ್, ಇನ್ನೊಂದರಲ್ಲಿ ಕ್ರೋಮ್ ಬಳಸುತ್ತೇವೆ. ದಿನವಿಡೀ ಮೌಸ್ ಹಿಡಿದು ಮಣಿಕಟ್ಟು ನೋಯುವುದರಿಂದ ಆದಷ್ಟು ಕೆಲಸವನ್ನು ಕೀಲಿಮಣೆಯಿಂದಲೇ ಮಾಡಲು ಆರಂಭಿಸಿದ್ದೇನೆ. ಕಂಟ್ರೋಲ್ ಎಲ್, ಕಂಟ್ರೋಲ್ ಟಿ, ಕಂಟ್ರೋಲ್ ಟ್ಯಾಬ್ ಎಂದೂ ತಪ್ಪುವುದಿಲ್ಲ. ಆದರೆ ಫೈರ್‌ಫಾಕ್ಸ್‌ನಲ್ಲಿ ತ್ವರಿತ ಹುಡುಕಾಟಕ್ಕೆ ಒತ್ತುವ ಓರೆಗೆರೆಯ (/) ಕೀಲಿ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ. ಕ್ರೋಮ್‌ನಲ್ಲಿ ಹಾಕಿಕೊಂಡಿರುವ, ಪುಟದ ಕೊಂಡಿಗಳನ್ನು (ಲಿಂಕ್) ಕೀಲಿಮಣೆಯಿಂದಲೇ ತೆರೆಯಲು ನೆರವಾಗುವ ವಿಮಿಯಂ ವಿಸ್ತರಣೆಯ ಎಫ್ ಕೀಲಿಯದೂ ಇದೇ ಕಥೆ. ಇದಲ್ಲದೆ ಕೆಲವು ಸರ್ಕಾರಿ ಪಿಡಿಎಫ್‌ಗಳಲ್ಲಿ ಕಣ್ಣೆದುರಿಗೇ ಇರುವ ಕನ್ನಡ ಹೆಸರನ್ನು ಕಂಟ್ರೋಲ್ ಎಫ್ ಒತ್ತಿ ಹುಡುಕಿದರೂ ಸಿಗುವುದಿಲ್ಲ. ಕೀಲಿಮಣೆಯನ್ನೇ ಬದಲಿಸಬೇಕೇ?

ಧಾರವಾಡದ ಸದಸ್ಯ:
ಕೀಲಿಮಣೆಗೆ ಹಣ ಹಾಕುವ ಮೊದಲು ಒಂದು ವಿಷಯ ತಿಳಿಸಿ. ಶಾರ್ಟ್‌ಕಟ್ ಕೈಕೊಟ್ಟಾಗ ಗಡಿಯಾರದ ಪಕ್ಕದ ಭಾಷಾ ಸೂಚಕ ಏನು ತೋರಿಸುತ್ತದೆ? ಕನ್ನಡವನ್ನು ಯಾವ ವಿನ್ಯಾಸದಲ್ಲಿ ಟೈಪ್ ಮಾಡುತ್ತೀರಿ?

ಗದಗದ ಸದಸ್ಯ:
ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್. ತಾವು ಕೇಳಿದ ಮೇಲೆ ಗಮನಿಸಿದೆ: ಕೈಕೊಟ್ಟಾಗಲೆಲ್ಲ ಸೂಚಕ ಕನ್ನಡದಲ್ಲೇ ಇತ್ತು.

ಧಾರವಾಡದ ಸದಸ್ಯ:
ಹಾಗಾದರೆ ಕೀಲಿಮಣೆಯಲ್ಲಿ ದೋಷವಿಲ್ಲ. ಕಂಟ್ರೋಲ್ ಜೊತೆ ಒತ್ತುವ ಶಾರ್ಟ್‌ಕಟ್‌ಗಳಲ್ಲಿ ಒತ್ತಿದ ಕೀಲಿ ಯಾವುದು ಎಂಬ ಗುರುತನ್ನು ವಿಂಡೋಸ್ ನೋಡುತ್ತದೆ. ಆ ಗುರುತು ಕನ್ನಡ ವಿನ್ಯಾಸದಲ್ಲೂ ಬದಲಾಗುವುದಿಲ್ಲ. ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ಹಾಗಲ್ಲ, ಅವು ಆ ಕೀಲಿಯಿಂದ ಯಾವ ಅಕ್ಷರ ಮೂಡಿತು ಎಂಬುದನ್ನು ನೋಡುತ್ತವೆ. ಇನ್‌ಸ್ಕ್ರಿಪ್ಟ್‌ನಲ್ಲಿ ಓರೆಗೆರೆಯ ಕೀಲಿ ಒತ್ತಿದರೆ ‘ಯ’ ಬರುತ್ತದೆ, ಎಫ್ ಒತ್ತಿದರೆ ಇಕಾರದ ಗುಡಿಸು ಬರುತ್ತದೆ. ಫೈರ್‌ಫಾಕ್ಸ್ ಓರೆಗೆರೆಗಾಗಿ ಕಾಯುತ್ತಿರುವಾಗ ನೀವು ‘ಯ’ ಕೊಟ್ಟರೆ ಅದು ಸುಮ್ಮನಿರುವುದು ಸಹಜ.

ಅತಿ ಸರಳ ಪರಿಹಾರವೆಂದರೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬರುವುದು. ಪದೇ ಪದೇ ಬದಲಿಸುವುದು ಬೇಸರವೆನಿಸಿದರೆ ಓರೆಗೆರೆಯನ್ನು ಬಿಟ್ಟು ಎಲ್ಲಾ ಕಡೆ ಕಂಟ್ರೋಲ್ ಎಫ್ ರೂಢಿಸಿಕೊಳ್ಳಿ. ಹುಡುಕಿದ ಪದ ಕೊಂಡಿಯೊಂದರಲ್ಲಿ ಸಿಕ್ಕಿದಾಗ ಎಸ್ಕೇಪ್ ಒತ್ತಿದರೆ ಗಮನ (ಫೋಕಸ್, ಅಂದರೆ ಮುಂದೆ ಒತ್ತುವ ಕೀಲಿ ಅನ್ವಯವಾಗುವ ಜಾಗ) ಆ ಕೊಂಡಿಯ ಮೇಲೆಯೇ ನಿಲ್ಲುತ್ತದೆ; ಅನಂತರ ಎಂಟರ್ ಒತ್ತಿದರೆ ಪುಟ ತೆರೆಯುತ್ತದೆ, ಕಂಟ್ರೋಲ್ ಎಂಟರ್ ಒತ್ತಿದರೆ ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ. ಉದ್ದನೆಯ ಸೇವಾ ಪಟ್ಟಿಯಲ್ಲಿ ಬೇಕಾದ ಸೇವೆಯನ್ನು ತಲುಪಲು ನನ್ನ ಮಟ್ಟಿಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ವಿಮಿಯಂ ಬೇಕೇ ಬೇಕು ಎಂದಾದರೆ ಅದರ ಆಯ್ಕೆಗಳಲ್ಲಿ ಕೀಲಿಮಣೆ ವಿನ್ಯಾಸವನ್ನು ಕಡೆಗಣಿಸುವ ಒಂದು ಚೌಕವಿದೆ. ಅದಕ್ಕೆ ಗುರುತು ಹಾಕಿ. ಕರ್ಸರ್ ಪಠ್ಯಪೆಟ್ಟಿಗೆಯೊಳಗೆ ಇರುವಾಗ ಮಾತ್ರ ವಿಮಿಯಂ ಯಾವ ವಿನ್ಯಾಸದಲ್ಲೂ ಕೆಲಸ ಮಾಡುವುದಿಲ್ಲ, ಮೊದಲು ಎಸ್ಕೇಪ್ ಒತ್ತಬೇಕು.

ಹುಬ್ಬಳ್ಳಿಯ ಸದಸ್ಯೆ:
ವಿವರಣೆ ಸರಿಯಾಗಿದೆ, ಆದರೆ ವಿಮಿಯಂ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಗಿರಾಕಿಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ತುಂಬುವ ಕಂಪ್ಯೂಟರ್‌ನಲ್ಲಿ, ಎಲ್ಲಾ ಪುಟಗಳ ಮಾಹಿತಿಯನ್ನೂ ಓದುವ ಅನುಮತಿ ಕೇಳುವ ವಿಸ್ತರಣೆ, ಅದು ಮುಕ್ತ ತಂತ್ರಾಂಶವೇ ಆಗಿದ್ದರೂ, ಇರದಿರುವುದೇ ಲೇಸು. ಬ್ರೌಸರ್‌ನಲ್ಲೇ ಇರುವ ಶಾರ್ಟ್‌ಕಟ್‌ಗಳು ನಿಮ್ಮ ಕೆಲಸಕ್ಕೆ ಸಾಕು.

‘ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ’ ಎಂದಿರಲ್ಲ, ಅದಕ್ಕೂ ಕಾರಣವಿದೆ. ವರ್ಡ್‌ನಲ್ಲಿ ಕನ್ನಡ ಪತ್ರ ಟೈಪ್ ಮಾಡಿ ಬ್ರೌಸರ್‌ಗೆ ಮರಳಿದಾಗ ಕನ್ನಡ ವಿನ್ಯಾಸವೂ ಜೊತೆಗೇ ಬರುತ್ತದೆ. ವಿಂಡೋಸ್‌ನ ಮುಂದುವರಿದ ಕೀಲಿಮಣೆ ಸೆಟ್ಟಿಂಗ್‌ನಲ್ಲಿ ಪ್ರತಿ ಆ್ಯಪ್‌ನ ಕಿಟಕಿಗೂ ಬೇರೆ ಬೇರೆ ಇನ್‌ಪುಟ್ ವಿಧಾನ ಇರಲಿ ಎಂಬ ಆಯ್ಕೆಯನ್ನು ಆನ್ ಮಾಡಿದರೆ ವರ್ಡ್ ಕನ್ನಡದಲ್ಲೂ ಬ್ರೌಸರ್ ಇಂಗ್ಲಿಷ್‌ನಲ್ಲೂ ಉಳಿಯುತ್ತವೆ. ಬ್ರೌಸರ್‌ನೊಳಗಿನ ಅರ್ಜಿಯಲ್ಲೇ ಕನ್ನಡ ತುಂಬುವಾಗ ಇದರಿಂದ ಉಪಯೋಗವಿಲ್ಲ, ಅಲ್ಲಿ ಕೈಯಿಂದಲೇ ಬದಲಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ತಾಲ್ಲೂಕಿನ ಪಟ್ಟಿಯಲ್ಲಿ ಗದಗ ಆಯ್ದ ಮೇಲೆ ಗಮನ ಆ ಪಟ್ಟಿಯ ಮೇಲೆಯೇ ಉಳಿದಿರುತ್ತದೆ. ಪುಟವನ್ನು ಕೆಳಗೆ ಸರಿಸೋಣವೆಂದು ಕೆಳಬಾಣ ಒತ್ತಿದರೆ ಪುಟ ಸರಿಯುವುದಿಲ್ಲ, ಆಯ್ಕೆ ಸದ್ದಿಲ್ಲದೆ ಗಜೇಂದ್ರಗಡಕ್ಕೆ ಜಾರುತ್ತದೆ. ಬಟನ್ ಮೇಲೆ ಗಮನವಿರುವಾಗ ಸ್ಪೇಸ್ ಒತ್ತಿದರೆ ಬಟನ್ ಒತ್ತಿದಂತಾಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಆಯ್ದ ಕೂಡಲೇ ಟ್ಯಾಬ್ ಒತ್ತಿ ಮುಂದಿನ ಪೆಟ್ಟಿಗೆಗೆ ಹೋಗಿ. ಪಟ್ಟಿ ಇಂಗ್ಲಿಷ್‌ನಲ್ಲಿದ್ದರೆ ಎಲ್ ಒತ್ತಿದೊಡನೆ ಲಕ್ಷ್ಮೇಶ್ವರ ಸಿಗುತ್ತದೆ. ಕನ್ನಡ ವಿನ್ಯಾಸದಲ್ಲಿ ಅದೇ ಕೀಲಿ ‘ತ’ ಆಗುವುದರಿಂದ ಸಿಗುವುದಿಲ್ಲ.

ಧಾರವಾಡದ ಸದಸ್ಯ:
ಪಿಡಿಎಫ್ ವಿಷಯ ಉಳಿದಿತ್ತು. ಹಳೆಯ ನುಡಿ ಫಾಂಟ್‌ನಲ್ಲಿ ಸಿದ್ಧಪಡಿಸಿದ ಕಡತಗಳು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಾಗಿಯೇ ಇರುತ್ತವೆ. ಹುಡುಕುವ ಪೆಟ್ಟಿಗೆಯಲ್ಲಿ ನೀವು ಕೊಡುವುದು ಯೂನಿಕೋಡ್ ಕನ್ನಡ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಪದ್ಧತಿ. ಹಾಗಾಗಿ ಅವೆರಡೂ ತಾಳೆಯಾಗುವುದಿಲ್ಲ. ಕಡತದಲ್ಲಿ ಆ ಹೆಸರು ಒಂದು ಕಡೆ ಕಣ್ಣಿಗೆ ಬಿದ್ದರೆ ಅದನ್ನೇ ಆಯ್ದು, ನಕಲಿಸಿ, ಹುಡುಕುವ ಪೆಟ್ಟಿಗೆಗೆ ಅಂಟಿಸಿ. ಅರ್ಥವಿಲ್ಲದ ಅಕ್ಷರಗಳು ಕಂಡರೂ ಹಿಂಜರಿಯಬೇಡಿ, ಉಳಿದ ಕಡೆ ಇರುವ ಅದೇ ಹೆಸರು ಸಿಗುತ್ತದೆ. ಪಠ್ಯವನ್ನು ಆಯ್ಕೆ ಮಾಡಲೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ; ಅದರಲ್ಲಿ ಯಾವ ಶಾರ್ಟ್‌ಕಟ್‌ನಿಂದಲೂ ಹುಡುಕಲಾಗದು.

ಗದಗದ ಸದಸ್ಯ:
ಇಬ್ಬರಿಗೂ ಧನ್ಯವಾದಗಳು. ಕಿಟಕಿಗೊಂದು ವಿನ್ಯಾಸದ ಆಯ್ಕೆಯನ್ನು ಎರಡೂ ಕಂಪ್ಯೂಟರ್‌ಗಳಲ್ಲಿ ಆನ್ ಮಾಡಿದ್ದೇನೆ. ಓರೆಗೆರೆ ಈಗ ಕೈಕೊಡುತ್ತಿಲ್ಲ. ವಿಮಿಯಂ ತೆಗೆದುಹಾಕಿದ್ದೇನೆ. ನಕಲಿಸಿ ಹುಡುಕುವ ಉಪಾಯದಿಂದ ಪಿಡಿಎಫ್ ರೂಪದ ಆಯ್ಕೆ ಪಟ್ಟಿಯೊಂದರಲ್ಲಿ ಬೇಕಾದ ಊರಿನ ಹೆಸರುಗಳೆಲ್ಲ ಸಿಕ್ಕವು. ಆದರೆ ಕ್ರೋಮ್‌ನಲ್ಲಿ ನಿನ್ನೆಯಿಂದ ಪುಟದ ಸಾಲುಗಳ ನಡುವೆ ಸಣ್ಣ ಗೆರೆಯೊಂದು ಮಿನುಗುತ್ತಿದೆ, ಬಾಣದ ಕೀಲಿ ಒತ್ತಿದರೆ ಪುಟದ ಬದಲು ಆ ಗೆರೆ ಸರಿಯುತ್ತದೆ.

ಹುಬ್ಬಳ್ಳಿಯ ಸದಸ್ಯೆ:
ಎಫ್7 ಒತ್ತಿ, ಹೋಗುತ್ತದೆ. ಅದು ಕ್ಯಾರೆಟ್ ಬ್ರೌಸಿಂಗ್. ಯಾರೋ ತಿಳಿಯದೆ ಆನ್ ಮಾಡಿರಬೇಕು. ಲ್ಯಾಪ್‌ಟಾಪ್ ಆಗಿದ್ದರೆ ಎಫ್ಎನ್ ಕೀಲಿಯನ್ನೂ ಜೊತೆಗೆ ಹಿಡಿಯಬೇಕಾಗಬಹುದು. ಮೌಸ್ ಮುಟ್ಟದೆ, ಶಿಫ್ಟ್ ಹಿಡಿದು ಬಾಣದ ಕೀಲಿಗಳಿಂದಲೇ ಪಠ್ಯವನ್ನು ಆಯ್ದು ನಕಲಿಸಲು ಇರುವ ವ್ಯವಸ್ಥೆ ಅದೇ ಆದ್ದರಿಂದ ಪೂರ್ತಿ ಮರೆತುಬಿಡಬೇಡಿ.