ಗದ್ದೆಗೊರವದಲ್ಲಿರುವ ‘ಗೊರವ’ ಯಾರು?

ಎಲ್ಲರಿಗೂ ನಮಸ್ಕಾರ.

ಕೆರೆಯಂಚಿನ ಕೆಸರಲ್ಲಿ ಓಡಾಡುವ ಪುಟ್ಟ ಹಕ್ಕಿಗಳ ಫೋಟೊಗಳಿಗೆ ಕನ್ನಡದಲ್ಲಿ ಹೆಸರು ಬರೆಯುತ್ತಿದ್ದೇನೆ. ಸ್ಯಾಂಡ್‌ಪೈಪರಿಗೆ ಗದ್ದೆಗೊರವ ಅನ್ನುತ್ತಾರೆ. ಈ ‘ಗೊರವ’ ಏನು?

ನನಗೆ ಗೊತ್ತಿರುವ ಗೊರವಯ್ಯ ಮೈಲಾರಲಿಂಗನ ಭಕ್ತ. ಕರಿ ಕಂಬಳಿ, ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ. ಗೊರವರು ಕುಣಿಯುತ್ತಾರೆ, ಈ ಹಕ್ಕಿಯೂ ನಿಂತಲ್ಲೇ ಹಿಂಭಾಗ ಕುಣಿಸುತ್ತದೆ, ಅದಕ್ಕೇ ಈ ಹೆಸರು ಅನ್ನಬಹುದು. ಇಷ್ಟು ಸಲೀಸಾಗಿ ಕೂಡಿಬರುವ ಕತೆ ನನಗೆ ಅನುಮಾನವೇ. ಯಾಕಂದರೆ ಮೈನಾಕ್ಕೂ ಗೊರವಂಕ ಅಂತ ಹೆಸರಿದೆ. ಅದು ಬಾಲ ಕುಣಿಸುವುದಿಲ್ಲ, ಕೆಸರೂ ಕೆದಕುವುದಿಲ್ಲ. ಎರಡರ ಬೇರು ಒಂದೇನಾ, ಇಲ್ಲ ಸುಮ್ನೆ ಸದ್ದು ಹೊಂದಿದ್ದಾ? ಹಳೆಗನ್ನಡ ಬಲ್ಲವರು ಹೇಳಬೇಕು.

ಇನ್ನೊಂದು ತೊಡಕು. ನಮ್ಮಲ್ಲಿ ಚಳಿಗಾಲಕ್ಕೆ ಬರುವ ಸ್ಯಾಂಡ್‌ಪೈಪರ್‌ಗಳು ಹಲವು ಬಗೆ. ಕ್ಯಾಮೆರಾ ನೆಲಕ್ಕೆ ತಾಗಿಸಿ, ಹೊಟ್ಟೆ ಮೇಲೆ ಮಲಗಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಕಾಮನ್ ಸ್ಯಾಂಡ್‌ಪೈಪರಿಗೆ ಎದೆಯ ಬಿಳುಪು ರೆಕ್ಕೆಯ ಮುಂದೆ ಭುಜದವರೆಗೆ ಏರಿರುತ್ತದೆ. ವುಡ್ ಸ್ಯಾಂಡ್‌ಪೈಪರಿಗೆ ಬೆನ್ನ ತುಂಬ ಚುಕ್ಕಿ, ಕಣ್ಣ ಮೇಲೆ ಬಿಳಿ ಹುಬ್ಬು. ಗ್ರೀನ್ ಸ್ಯಾಂಡ್‌ಪೈಪರ್ ಹಾರಿದಾಗ ಕಪ್ಪು ರೆಕ್ಕೆಗಳ ನಡುವೆ ಬಿಳಿ ಸೊಂಟ ಫಕ್ಕನೆ ಕಾಣುತ್ತದೆ. ಮೂರಕ್ಕೂ ಗದ್ದೆಗೊರವ ಅಂತಲೇ ಬರೆದರೆ ಫೋಟೊ ಕೆಳಗಿನ ಹೆಸರಿಗೆ ಅರ್ಥವೇ ಇರಲ್ಲ, ಅಲ್ವಾ? ಚುಕ್ಕಿ ಗೊರವ, ಬಿಳಿಸೊಂಟದ ಗೊರವ ಅಂತ ನಾನೇ ಕಟ್ಟಬಹುದು. ಜನರ ಬಾಯಲ್ಲಿ ಆಗಲೇ ಹೆಸರಿದ್ದರೆ ನನ್ನದು ಯಾಕೆ ಬೇಕು? (ಸಂಸ್ಕೃತದ ಉದ್ದುದ್ದ ಸಮಾಸ ಮಾತ್ರ ಬೇಡ. ಹಕ್ಕಿಗಿಂತ ಹೆಸರೇ ಜಾಸ್ತಿ ಉದ್ದ ಆಗುತ್ತದೆ.)

ಬಾಲ ಕುಣಿಸುವ ಇನ್ನೊಂದು ಹಕ್ಕಿಗೆ, ಅಂದರೆ ವ್ಯಾಗ್‌ಟೇಲಿಗೆ, ಕುಂಡೆಕುಸ್ಕ ಅನ್ನುತ್ತಾರೆ. ಒಮ್ಮೆ ನೋಡಿದವರು ಮರೆಯದಂಥ ಹೆಸರು. ಕಾಮನ್ ಸ್ಯಾಂಡ್‌ಪೈಪರನ್ನೂ ಹಾಗೇ ಕರೆಯುವ ಊರು ಇದೆಯಾ?

ಕರಾವಳಿಯವರನ್ನು ಬೇರೆಯಾಗಿ ಕೇಳುತ್ತೇನೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಹೆಕ್ಕುವವರ ಅಕ್ಕಪಕ್ಕದಲ್ಲೇ ಈ ಹಕ್ಕಿಗಳೂ ಮೇಯುತ್ತವೆ. ಅವರ ಮನೆಮಾತಿನಲ್ಲಿ ಇವಕ್ಕೆ ಏನನ್ನುತ್ತಾರೆ? ಕನ್ನಡವೋ ಕೊಂಕಣಿಯೋ, ಯಾವುದಾದರೂ ಸರಿ. ಊರಿನ ಹೆಸರು ಸೇರಿಸಿ ಬರೆಯಿರಿ.