ಅಪ್‌ಡೇಟ್: ಮಿಂಟ್ ಇನ್‌ಸ್ಟಾಲರ್‌ಗೆ ಕೊನೆಗೂ ಡಿಸ್ಕ್ ಕಾಣಿಸಿತು

ವಿಂಡೋಸ್ ಜೊತೆಗೆ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಲು ಹೋದರೆ ಇನ್‌ಸ್ಟಾಲರ್‌ನಲ್ಲಿ ಪೆನ್‌ಡ್ರೈವ್ ಬಿಟ್ಟು ಬೇರೆ ಡಿಸ್ಕೇ ಕಾಣ್ತಿಲ್ಲ ಅಂತ ಕೇಳಿದ್ದೆನಲ್ಲ, ಅದು ಸರಿಹೋಯ್ತು. ನೀವು ಹೇಳಿದ ಹಾಗೆ ಡಿಸ್ಕ್ ಚೆನ್ನಾಗಿಯೇ ಇತ್ತು, ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗಲೇ ತೆರೆಯುವ ಮೂಲ ಸೆಟ್ಟಿಂಗ್ಸ್) ಸ್ಟೋರೇಜ್ ಮೋಡ್ ಇಂಟೆಲ್‌ನ ಆರ್‌ಎಸ್‌ಟಿಯಲ್ಲಿತ್ತು. ಅದರಲ್ಲಿ ಮಿಂಟ್‌ಗೆ ಡಿಸ್ಕ್ ಕಾಣುತ್ತಿರಲಿಲ್ಲ, ಅದನ್ನು ಮಾಮೂಲಿ ಎಎಚ್‌ಸಿಐ ಮೋಡ್‌ಗೆ ಬದಲಾಯಿಸಬೇಕಿತ್ತು.

ಆದರೆ ಸುಮ್ನೆ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು. ಅದಕ್ಕೇ ಮೊದಲು ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಂಡೆ. ಆಮೇಲೆ ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಅನ್ನೋ ಸೆಟ್ಟಿಂಗ್ಸ್‌ನಲ್ಲಿ ಸೇಫ್ ಬೂಟ್ (ಅತ್ಯಗತ್ಯ ಡ್ರೈವರ್‌ಗಳಷ್ಟರಲ್ಲೇ ಶುರುವಾಗುವುದು) ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ನೇರ ಬಯೋಸ್‌ಗೆ ಹೋಗಿ ಮೋಡ್ ಬದಲಿಸಿ, ಒಂದು ಸಲ ಸೇಫ್ ಮೋಡ್‌ನಲ್ಲಿ ಒಳಗೆ ಬಂದು ಆ ಟಿಕ್ ತೆಗೆದೆ. ವಿಂಡೋಸ್ ತಕರಾರಿಲ್ಲದೆ ಎದ್ದಿತು. ಮಿಂಟ್‌ಗೂ ಡಿಸ್ಕ್ ಕಾಣಿಸಿತು!

ಇನ್ನೊಂದು ತಮಾಷೆ. ಈಗ ವಿಂಡೋಸ್‌ಗೆ ಹೋದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ! ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಸಮಯ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಮಿಂಟ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ನಿಂದ ಆ ಗಡಿಯಾರವನ್ನು ಲೋಕಲ್ ಟೈಮ್‌ಗೆ ಹಾಕಿದೆ. ಅದು ಅಷ್ಟು ಒಳ್ಳೆಯ ಪದ್ಧತಿ ಅಲ್ಲ ಅಂತ ಟರ್ಮಿನಲ್ಲೇ ಬೈಯುತ್ತದೆ, ಬೈಯಲಿ ಬಿಡಿ.

ಮಿಂಟ್‌ನ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ (ಉಚ್ಚಾರಣೆಯಂತೆ ಟೈಪ್ ಮಾಡುವ ಲೇಔಟ್) ಕೂಡ ಇದೆ. ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ.

ಫಿಂಗರ್‌ಪ್ರಿಂಟ್ ಮಾತ್ರ ಇನ್ನೂ ಕೆಲಸ ಮಾಡ್ತಿಲ್ಲ. ಪಾಸ್‌ವರ್ಡ್ ಇದೆಯಲ್ಲ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲ್ಲ.