ಪವರ್ ವಿಂಡೋ ಇಳಿಯುತ್ತದೆ, ಏರುವುದಿಲ್ಲ: ಮೋಟರ್ ಬದಲಿಸುವ ಮೊದಲು ಏನು ನೋಡಬೇಕು?

ಕೇಳಿದ್ದು:

ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಕಾರು. ಮುಂದಿನ ಎಡ ಗಾಜು ಕಾಟ ಕೊಡುತ್ತಿದೆ. ಎಡ ಬಾಗಿಲಿನ ಸ್ವಿಚ್ ಒತ್ತಿದರೆ ಇಳಿಯುತ್ತದೆ, ಏರುವುದಿಲ್ಲ. ಡ್ರೈವರ್ ಕಡೆಯ ಸ್ವಿಚ್ಚಿನಿಂದ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಉಳಿದ ಮೂರು ಗಾಜು ಸರಿಯಾಗಿವೆ. ಗ್ಯಾರೇಜಿನವರು ಮೋಟರ್ ಹೋಗಿದೆ, ಬದಲಿಸಬೇಕು ಅಂದರು. ಮಳೆಗಾಲ ಬೇರೆ, ಗಾಜು ಅರ್ಧಕ್ಕೆ ನಿಂತಿದೆ. ಇಂಥದ್ದು ಯಾರಿಗಾದರೂ ಆಗಿದ್ದರೆ ದಯವಿಟ್ಟು ಹೇಳಿ. ಹೊಸ ಮೋಟರ್ ಹಾಕಿಸಲೇ, ಬೇಡವೇ?

ದಾವಣಗೆರೆಯಿಂದ, ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವರು:

ಸದ್ಯಕ್ಕೆ ಬೇಡ, ಸ್ವಲ್ಪ ತಡೆಯಿರಿ. ನೀವು ಬರೆದ ಲಕ್ಷಣದಲ್ಲೇ ಅರ್ಧ ಉತ್ತರ ಇದೆ.

ಈ ಮೋಟರಿಗೆ ಇರುವುದು ಎರಡೇ ವೈರು. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಅರ್ತ್ (ಅಂದರೆ ಬ್ಯಾಟರಿಯ ಮೈನಸ್) ಕೊಟ್ಟರೆ ಗಾಜು ಏರುತ್ತದೆ. ಅದನ್ನೇ ಅದಲು ಬದಲು ಮಾಡಿದರೆ ಇಳಿಯುತ್ತದೆ. ಎರಡಕ್ಕೂ ಅದೇ ಕಾಯಿಲ್, ಅದೇ ಬ್ರಷ್. ಒಂದು ಕಡೆ ಚೆನ್ನಾಗಿ ತಿರುಗುವ ಮೋಟರ್ ಇನ್ನೊಂದು ಕಡೆ ಮಿಸುಕುವುದೇ ಇಲ್ಲ ಅಂದರೆ ದೋಷ ಮೋಟರಿನ ಹೊರಗಿದೆ ಅಂತಲೇ ಮೊದಲು ಯೋಚಿಸಬೇಕು. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಇಳಿಯುವಾಗ ಗಾಜಿನ ತೂಕವೇ ಸಹಾಯ ಮಾಡುತ್ತದೆ, ಏರುವಾಗ ಆ ತೂಕವನ್ನೂ ರಬ್ಬರ್ ಬೀಡಿಂಗಿನ ಬಿಗಿಯನ್ನೂ ಮೋಟರೇ ಎಳೆಯಬೇಕು, ಹಾಗಾಗಿ ಸೊರಗಿದ ಮೋಟರ್ ಕೂಡ ಇಳಿಸುತ್ತದೆ, ಏರಿಸುವುದಿಲ್ಲ. ಆದರೆ ಅಂಥ ಮೋಟರ್ ಮುಲುಗುತ್ತದೆ, ಗಾಜು ಒಂಚೂರಾದರೂ ಅಲುಗುತ್ತದೆ. ರಾತ್ರಿ ಒಳಗಿನ ಲೈಟ್ ಹಾಕಿಕೊಂಡು, ಎಂಜಿನ್ ಆಫ್ ಇಟ್ಟು ಇಗ್ನಿಷನ್ ಮಾತ್ರ ಆನ್ ಮಾಡಿ ಏರಿಸುವ ಸ್ವಿಚ್ ಒತ್ತಿ ನೋಡಿ. ಲೈಟ್ ಮಂಕಾದರೆ ಕರೆಂಟ್ ಹೋಗುತ್ತಿದೆ, ಮೋಟರೋ ಗಾಜೋ ಸಿಕ್ಕಿಹಾಕಿಕೊಂಡಿದೆ. ಲೈಟ್ ಹಾಗೇ ಇದ್ದರೆ ಕರೆಂಟೇ ಹೋಗುತ್ತಿಲ್ಲ. ಉಪಕರಣ ಏನೂ ಬೇಡ ಇದಕ್ಕೆ.

ಈಗ ಮುಖ್ಯ ವಿಷಯ. ಗ್ಯಾರೇಜುಗಳಲ್ಲಿ ಜಾಸ್ತಿ ತಪ್ಪಿಹೋಗುವುದು ಇದೇ. ಹಳೆಯ ಸಾದಾ ವೈರಿಂಗ್ ಇರುವ ಬಹಳಷ್ಟು ಕಾರುಗಳಲ್ಲಿ ಎಡ ಮೋಟರಿಗೆ ಅರ್ತ್ ಎಡ ಬಾಗಿಲಲ್ಲಿ ಸಿಗುವುದಿಲ್ಲ. ಎಡ ಸ್ವಿಚ್ಚಿನಿಂದ ಎರಡು ವೈರು ಹೊರಟು, ಡ್ಯಾಶ್‌ಬೋರ್ಡ್ ಕೆಳಗೆ ಹಾದು, ಡ್ರೈವರ್ ಬಾಗಿಲಿನ ಮಾಸ್ಟರ್ ಸ್ವಿಚ್ಚಿಗೆ ಹೋಗುತ್ತವೆ. ಒಂದು ಏರಿಸುವ ವೈರು, ಇನ್ನೊಂದು ಇಳಿಸುವ ವೈರು. ಯಾರೂ ಏನೂ ಒತ್ತದೇ ಇದ್ದಾಗ ಮಾಸ್ಟರ್ ಸ್ವಿಚ್ ಒಳಗೆ ಎರಡೂ ಅರ್ತ್ ಆಗಿ ಕೂತಿರುತ್ತವೆ. ಎಡ ಸ್ವಿಚ್ಚಲ್ಲಿ ನೀವು ಏರಿಸುವ ಕಡೆ ಒತ್ತಿದರೆ ಮೋಟರಿನ ಒಂದು ಬದಿಗೆ ಅಲ್ಲೇ ಪ್ಲಸ್ ಸಿಗುತ್ತದೆ. ಇನ್ನೊಂದು ಬದಿ ಇಳಿಸುವ ವೈರಿನ ದಾರಿಯಲ್ಲಿ ಡ್ರೈವರ್ ಬಾಗಿಲಿನ ತನಕ ಹೋಗಿ ಅರ್ತ್ ಹುಡುಕಬೇಕು.

ಆ ಇಳಿಸುವ ವೈರು ನಡುವೆ ತುಂಡಾಗಿದೆ ಅಂದುಕೊಳ್ಳಿ. ಎಡ ಸ್ವಿಚ್ಚಿನಿಂದ ಏರುವುದು ನಿಲ್ಲುತ್ತದೆ, ಇಳಿಯುವುದು ನಡೆಯುತ್ತದೆ. ಮಾಸ್ಟರ್ ಸ್ವಿಚ್ಚಿನಿಂದ ಎರಡೂ ಸತ್ತುಹೋಗುತ್ತವೆ, ಯಾಕೆಂದರೆ ಅಲ್ಲಿಂದ ಯಾವ ಕಡೆ ಒತ್ತಿದರೂ ಎರಡೂ ವೈರು ಬೇಕೇ ಬೇಕು. ನೀವು ಬರೆದದ್ದು ಅಕ್ಷರಶಃ ಇದೇ ಅಲ್ವಾ? ಗಾಜು ಏರುತ್ತಿಲ್ಲ ಅಂತ ಎಲ್ಲರೂ ಏರಿಸುವ ವೈರಿನ ಹಿಂದೆ ಬೀಳುತ್ತಾರೆ, ಹೋಗಿರುವುದು ಇಳಿಸುವ ವೈರು. ಎಡ ಗಾಜು ಕೆಟ್ಟಿದೆ ಅಂತ ಎಡ ಬಾಗಿಲನ್ನೇ ಬಿಚ್ಚುತ್ತಾರೆ, ಕೆಟ್ಟಿರುವುದು ಬಲ ಬಾಗಿಲಲ್ಲಿ. ದಿನಕ್ಕೆ ಜಾಸ್ತಿ ಸಲ ತೆಗೆದು ಮುಚ್ಚುವುದು ಡ್ರೈವರ್ ಬಾಗಿಲು ತಾನೆ? ಕೀಲಿನ ಹತ್ತಿರ ವೈರುಗಳನ್ನು ಮುಚ್ಚುವ ರಬ್ಬರ್ ಕೊಳವೆ, ಅಂದರೆ ಬೂಟಿನ ಒಳಗೆ ವೈರುಗಳು ಪ್ರತಿ ಸಲ ಮಡಚಿ ಬಿಚ್ಚಿ, ವರ್ಷಗಟ್ಟಲೆ ಆದ ಮೇಲೆ ಒಳಗಿನ ತಾಮ್ರದ ಎಳೆ ಒಂದೊಂದಾಗಿ ಮುರಿಯುತ್ತದೆ.

ಪರೀಕ್ಷೆ ಹೀಗೆ ಮಾಡಿ. ಗಾಜಿನ ಲಾಕ್ ಬಟನ್ ಒತ್ತಿಲ್ಲ ಅಂತ ಮೊದಲು ನೋಡಿಕೊಳ್ಳಿ. ಎಡ ಸ್ವಿಚ್ ಹೊರಗೆ ತೆಗೆದು ಅದಕ್ಕೆ ವೈರುಗಳು ಸೇರುವ ಕಪ್ಲರ್ ಬಿಚ್ಚಿ. 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಹಚ್ಚಿ ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ, ಪ್ಲಸ್ ಕಡೆಯ ವೈರಿಗೆ ಸಣ್ಣ ಫ್ಯೂಸ್ ಇರಲಿ. ಅದರ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ತುದಿಯಿಂದ ಮಾಸ್ಟರ್ ಸ್ವಿಚ್ಚಿನಿಂದ ಬರುವ ಎರಡು ವೈರುಗಳನ್ನು ಒಂದೊಂದಾಗಿ ಮುಟ್ಟಿ. ಎರಡರಲ್ಲೂ ಬಲ್ಬ್ ಸಮನಾಗಿ ಉರಿಯಬೇಕು. ಯಾವುದರಲ್ಲಿ ಉರಿಯುವುದಿಲ್ಲವೋ ಅದೇ ಕಳ್ಳ. ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ಇಪ್ಪತ್ತು ಎಳೆಯಲ್ಲಿ ಒಂದು ಎಳೆ ಉಳಿದಿದ್ದರೂ ಮೀಟರ್ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಆದರೆ ಮೋಟರ್ ಕೇಳುವ 5 ರಿಂದ 10 ಆಂಪಿಯರ್ ಆ ಒಂದು ಎಳೆಯಲ್ಲಿ ಹೋಗುವುದಿಲ್ಲ. ಬಲ್ಬ್ ಹತ್ತಿರ ಹತ್ತಿರ 2 ಆಂಪಿಯರ್ ಎಳೆಯುತ್ತದೆ, ಸುಳ್ಳು ಹೇಳುವುದಿಲ್ಲ. ಬಲ್ಬ್ ಹಚ್ಚಿಟ್ಟುಕೊಂಡೇ ಡ್ರೈವರ್ ಬಾಗಿಲನ್ನು ಮೆಲ್ಲಗೆ ತೆಗೆದು ಮುಚ್ಚಲು ಯಾರಿಗಾದರೂ ಹೇಳಿ. ಮಿಣುಕಿದರೆ ಜಾಗ ಸಿಕ್ಕಿತು. ಬೂಟನ್ನು ಹಿಂದಕ್ಕೆ ಸರಿಸಿ ಒಂದೊಂದು ವೈರನ್ನೂ ಹಗುರವಾಗಿ ಎಳೆದು ನೋಡಿ, ತಾಮ್ರ ಮುರಿದ ಕಡೆ ಮೇಲಿನ ಪ್ಲಾಸ್ಟಿಕ್ ಹಿಗ್ಗುತ್ತದೆ.

ಸದ್ಯಕ್ಕೆ ಗಾಜು ಮುಚ್ಚಬೇಕಲ್ಲ, ಅದಕ್ಕೆ ಎಡ ಡೋರ್ ಪ್ಯಾಡ್ ಬಿಚ್ಚಿ ಮೋಟರಿನ ಕಪ್ಲರ್ ತೆಗೆದು ಬ್ಯಾಟರಿಯಿಂದ ನೇರ ಎರಡು ವೈರು ಕೊಡಿ, ನಡುವೆ 20 ಆಂಪಿಯರ್ ಫ್ಯೂಸ್ ಕಡ್ಡಾಯ. ಇಳಿದರೆ ವೈರು ಅದಲು ಬದಲು ಮಾಡಿ. ಸಲೀಸಾಗಿ ಏರಿದರೆ ಮೋಟರ್ ಚೆನ್ನಾಗಿದೆ ಅಂತ ನಿಮಗೇ ಗೊತ್ತಾಗುತ್ತದೆ, ಗ್ಯಾರೇಜಿನವರ ಜೊತೆ ವಾದ ಮಾಡುವ ಅಗತ್ಯವೇ ಇಲ್ಲ. ಬೆರಳು ಗಾಜಿನ ದಾರಿಯಲ್ಲಿ ಇಡಬೇಡಿ. ಮೋಟರಿನ ಕಪ್ಲರಿನಲ್ಲಿ ಎರಡಕ್ಕಿಂತ ಜಾಸ್ತಿ ವೈರು ಕಂಡರೆ ಮಾತ್ರ ಇದನ್ನು ಮಾಡಲೇಬಾರದು, ಅದರೊಳಗೆ ಎಲೆಕ್ಟ್ರಾನಿಕ್ಸ್ ಇರುತ್ತದೆ.

ಉಡುಪಿ ಕಡೆಯಿಂದ ಒಬ್ಬರು:

ಮೇಲಿನವರು ಹೇಳಿದ್ದು ಸರಿ. ಅದಕ್ಕೆ ಕರಾವಳಿಯ ಒಂದು ಅನುಭವ ಸೇರಿಸುತ್ತೇನೆ. ನಮ್ಮ ಕಾರಿನಲ್ಲೂ ಎಡ ಗಾಜು ಎಡ ಸ್ವಿಚ್ಚಿನಿಂದ ಇಳಿಯುತ್ತಿತ್ತು, ಏರುತ್ತಿರಲಿಲ್ಲ. ಆದರೆ ಒಂದು ವ್ಯತ್ಯಾಸ ಇತ್ತು. ಮಾಸ್ಟರ್ ಸ್ವಿಚ್ಚಿನಿಂದ ಇಳಿಯುತ್ತಿತ್ತು, ಏರುತ್ತಿರಲಿಲ್ಲ. ಅಂದರೆ ವೈರು ಗಟ್ಟಿಯಾಗಿದೆ, ಮಾಸ್ಟರ್ ಸ್ವಿಚ್ ಒಳಗೆ ಅರ್ತ್ ಆಗಬೇಕಾದ ಪಾಯಿಂಟ್ (ಒಂದಕ್ಕೊಂದು ತಾಗುವ ಲೋಹದ ತುದಿ) ಸುಟ್ಟಿದೆ. ಬಿಚ್ಚಿ ನೋಡಿದರೆ ಪಾಯಿಂಟ್ ಕಪ್ಪಗಾಗಿ, ಸುತ್ತ ಹಸಿರು ಕಿಲುಬು ಹಿಡಿದಿತ್ತು. ಮಳೆಯಲ್ಲಿ ಗಾಜು ಇಳಿಸಿ ಟೋಲ್ ಚೀಟಿ ತಗೊಳ್ಳುವುದು, ಪಾರ್ಕಿಂಗ್‌ನವರಿಗೆ ದುಡ್ಡು ಕೊಡುವುದು, ಹೀಗೆ ಒಂದೊಂದೇ ಹನಿ ನೇರ ಆ ಸ್ವಿಚ್ಚುಗಳ ಮೇಲೆ ಬೀಳುತ್ತದೆ. ನಮ್ಮ ಕಡೆ ಗಾಳಿಯಲ್ಲೇ ಉಪ್ಪು, ಕಿಲುಬು ಬೇಗ ಹಿಡಿಯುತ್ತದೆ.

ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಕಿಲುಬು ಹೋಗುತ್ತದೆ. ಮರಳು ಕಾಗದದಲ್ಲಿ ಜೋರಾಗಿ ತಿಕ್ಕಬೇಡಿ, ಪಾಯಿಂಟ್ ಮೇಲಿನ ಲೇಪನ ಹೋದರೆ ಮತ್ತೆ ಬೇಗ ಸುಡುತ್ತದೆ. ಪಾಯಿಂಟ್ ಗುಳಿ ಬಿದ್ದಿದ್ದರೆ ಸ್ವಿಚ್ ಬದಲಿಸುವುದೇ ಒಳ್ಳೆಯದು. ಸ್ವಿಚ್ ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಒಳಗೆ ಚಿಕ್ಕ ಸ್ಪ್ರಿಂಗು, ಗುಂಡು ಇರುತ್ತವೆ.

ಹುಬ್ಬಳ್ಳಿಯಿಂದ, ಟ್ಯಾಕ್ಸಿ ಓಡಿಸುವವರು:

ಒಂದೇ ಗಾಜಿನ ಬಗ್ಗೆ ಮಾತು ನಡೆದಿದೆ, ನಾಲ್ಕೂ ಒಟ್ಟಿಗೆ ನಿಂತರೆ ಏನು ಅಂತ ನಾನು ಹೇಳುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ. ನಾಲ್ಕು ಮೋಟರ್ ಒಂದೇ ದಿನ ಹೋಗುವುದಿಲ್ಲ. ನಾಲ್ಕಕ್ಕೂ ಸೇರಿದ್ದು ಯಾವುದೋ ಅದನ್ನು ನೋಡಿ: ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್), ಮಾಸ್ಟರ್ ಸ್ವಿಚ್ಚಿನ ಅರ್ತ್. ಪಕ್ಕದಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಮತ್ತೆ ಹೋದರೆ ಎಲ್ಲೋ ಪ್ಲಸ್ ವೈರು ಕಾರಿನ ಬಾಡಿಯ ತಗಡಿಗೆ ತಾಗುತ್ತಿದೆ. ಆಗ ದೊಡ್ಡ ಫ್ಯೂಸ್ ಹಾಕುವುದು, ವೈರಿನ ಎಳೆ ಸುತ್ತುವುದು ಖಂಡಿತ ಬೇಡ. ಬಾಗಿಲಿನೊಳಗೆ ಬೆಂಕಿ ಹತ್ತಿದರೆ ಕಾರೇ ಹೋಗುತ್ತದೆ, ಒಳಗೆ ಕೂತವರ ಜೀವದ ಪ್ರಶ್ನೆ ಅದು.

ಇನ್ನೊಂದು, ಬೇಸಿಗೆಯಲ್ಲಿ ನಮ್ಮ ಕಡೆ ಧೂಳು ಜಾಸ್ತಿ. ಗಾಜು ಏರುವ ರಬ್ಬರ್ ದಾರಿಯಲ್ಲಿ ಧೂಳು ಕೂತು ಬಿಗಿಯಾಗುತ್ತದೆ. ಗಾಜು ನಿಧಾನ ಏರಿ ನಡುವೆ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ನಡೆಯುತ್ತದೆ. ಮೋಟರ್ ಬಿಸಿಯಾದಾಗ ಒಳಗಿನ ರಕ್ಷಣೆ ಕರೆಂಟ್ ಕಡಿಯುವುದರಿಂದ ಹಾಗಾಗುತ್ತದೆ. ಒದ್ದೆ ಬಟ್ಟೆಯಿಂದ ಆ ದಾರಿ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಆಯಿಲ್, ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ, ಧೂಳು ಇನ್ನೂ ಅಂಟುತ್ತದೆ. ಮೋಟರ್ ತಿರುಗುವ ಸದ್ದು ಬಂದು ಗಾಜು ಅಲುಗದಿದ್ದರೆ ಅದು ಕರೆಂಟಿನ ದೋಷವೇ ಅಲ್ಲ, ಒಳಗಿನ ಕೇಬಲ್ ಇಲ್ಲವೇ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ.

ಬೆಂಗಳೂರಿನಿಂದ ಒಬ್ಬರು:

ಹೊಸ ಕಾರು ಇರುವವರು ಮೇಲಿನ ಬಲ್ಬ್ ಪರೀಕ್ಷೆಯನ್ನು ಹಾಗೇ ಮಾಡಲು ಹೋಗಬೇಡಿ. ಈಗಿನ ಹಲವು ಕಾರುಗಳಲ್ಲಿ ಸ್ವಿಚ್ ಬರೀ ಸಂದೇಶ ಕಳಿಸುತ್ತದೆ, ಮೋಟರಿಗೆ ಕರೆಂಟ್ ಕೊಡುವುದು ಬೇರೆ ಕಂಟ್ರೋಲ್ ಯೂನಿಟ್. ಆ ಸಣ್ಣ ವೈರುಗಳಿಗೆ ನೇರ 12 ವೋಲ್ಟ್ ತಾಗಿಸಿದರೆ ಯೂನಿಟ್ಟೇ ಸುಟ್ಟು ಹೋಗಬಹುದು. ಅಂಥ ಕಾರಿಗೆ ದೋಷ ಓದುವ ಸ್ಕ್ಯಾನರ್ ಹಾಕಿಸಿ.

ಬ್ಯಾಟರಿ ಬದಲಿಸಿದ ಮೇಲೆ ಒಂದೇ ಒತ್ತಿಗೆ ಪೂರ್ತಿ ಏರುವ ಆಟೋ ಗಾಜು ಕೆಲಸ ನಿಲ್ಲಿಸಿದರೆ ಗಾಬರಿ ಬೇಡ. ಗಾಜಿನ ಕೊನೆ ಎಲ್ಲಿದೆ ಅನ್ನುವ ನೆನಪು ಅದಕ್ಕೆ ಅಳಿಸಿ ಹೋಗಿರುತ್ತದೆ. ಸಾಮಾನ್ಯವಾಗಿ ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಮೇಲೆ ತಾಗಿದ ಮೇಲೂ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಿಡಿದರೆ ಮತ್ತೆ ಕಲಿತುಕೊಳ್ಳುತ್ತದೆ. ಕಾರಿನಿಂದ ಕಾರಿಗೆ ಕ್ರಮ ಬೇರೆ, ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಇನ್ನು ಕೆಲವು ಕಾರುಗಳ ಬಾಗಿಲೊಳಗೆ ಏರ್‌ಬ್ಯಾಗಿನ ಸೆನ್ಸರ್ ಇರುತ್ತದೆ. ಪ್ಯಾಡ್ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆದು ಕೆಲವು ನಿಮಿಷ ಕಾಯಿರಿ. ಹಳದಿ ಕಪ್ಲರ್ ಕಂಡರೆ ಅದಕ್ಕೆ ಮೀಟರ್, ಬಲ್ಬ್ ಯಾವುದನ್ನೂ ಹಚ್ಚಬೇಡಿ.

ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ನನ್ನದು ಹಳೆಯ ವೈರಿಂಗೇ, ಮೋಟರಿಗೆ ಎರಡೇ ವೈರು. ನೇರ ಕರೆಂಟ್ ಕೊಟ್ಟಾಗ ಗಾಜು ಸಲೀಸಾಗಿ ಏರಿತು. ಎಡ ಸ್ವಿಚ್ಚಿನ ಕಪ್ಲರಿನಲ್ಲಿ ಬಲ್ಬ್ ಒಂದು ವೈರಿಗೆ ಚೆನ್ನಾಗಿ ಉರಿಯಿತು, ಇನ್ನೊಂದಕ್ಕೆ ಇಲ್ಲವೇ ಇಲ್ಲ. ಡ್ರೈವರ್ ಬಾಗಿಲಿನ ಬೂಟ್ ಸರಿಸಿದರೆ ಒಂದು ವೈರು ಪೂರ್ತಿ ತುಂಡು, ಪಕ್ಕದ ಇನ್ನೊಂದರ ಸಿಪ್ಪೆ ಸೀಳಿದೆ. ಟೇಪ್ ಸುತ್ತಿ ಜೋಡಿಸಿದರೆ ಸಾಕೇ?

ದಾವಣಗೆರೆಯವರು ಮತ್ತೆ:

ಸಾಲದು. ಬೂಟಿನೊಳಗೆ ಮಡಚುವ ಜಾಗದಲ್ಲೇ ಜೋಡಿಸಿದರೆ ಗಂಟಿನ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಮುರಿದ ಕಡೆಯಿಂದ ಎರಡೂ ಬದಿಗೆ ಉದ್ದ ಕತ್ತರಿಸಿ ತೆಗೆಯಿರಿ. ಅದೇ ದಪ್ಪದ, ಸಣ್ಣ ಎಳೆ ಜಾಸ್ತಿ ಇರುವ ಮೆತ್ತನೆ ಆಟೋ ವೈರಿನ ತುಂಡು ನಡುವೆ ಸೇರಿಸಿ, ಒಂದು ಜೋಡಣೆ ಬಾಗಿಲಿನೊಳಗೆ, ಇನ್ನೊಂದು ಕಾರಿನ ಬಾಡಿಯೊಳಗೆ ಬರುವ ಹಾಗೆ. ಮನೆ ವೈರಿಂಗಿನ ಗಟ್ಟಿ ವೈರು ಬೇಡ. ಬೆಸುಗೆ ಹಾಕಿ ಇಲ್ಲವೇ ಸರಿಯಾದ ಇಕ್ಕಳದಿಂದ ಸ್ಲೀವ್ ಒತ್ತಿ, ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಎರಡು ವೈರಿನ ಜೋಡಣೆ ಒಂದೇ ಜಾಗದಲ್ಲಿ ಬರದಂತೆ ಹಿಂದೆ ಮುಂದೆ ಮಾಡಿ. ಸಿಪ್ಪೆ ಸೀಳಿದ ವೈರನ್ನೂ ಈಗಲೇ ಬದಲಿಸಿ, ಅದು ಪ್ಲಸ್ ಆಗಿದ್ದರೆ ಮಳೆಯಲ್ಲಿ ಬಾಡಿಯ ತಗಡಿಗೆ ತಾಗಿ ಫ್ಯೂಸ್ ಸುಡುತ್ತದೆ.

ಬೂಟಿನ ಎರಡೂ ತುದಿ ತೂತಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ, ಇಲ್ಲದಿದ್ದರೆ ನೀರು ಅಲ್ಲಿಂದಲೇ ಒಳಗೆ ಬರುತ್ತದೆ. ಪ್ಯಾಡ್ ಹಾಕುವ ಮೊದಲು ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮೊದಲಿದ್ದ ಹಾಗೆ ಅಂಟಿಸಿ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗುವ ತೂತುಗಳಿವೆ, ಮಣ್ಣು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ. ನಾಲ್ಕೂ ಬಾಗಿಲಿಗೂ ಮಾಡಿ.